ಹೊತ್ತಲ್ಲದ ಸಂಗು

ತಗಡಿನ ಅಂಚು ಮುತ್ಯಾಲಮ್ಮನ ಅಂಗೈ ಕೊಯ್ದಿತ್ತು. ಸೆರಗಿನ ತುದಿ ಹರಿದು ಸುತ್ತಿಕೊಂಡು ಮತ್ತೊಂದು ತಗಡಿಗೆ ತಲೆ ಕೊಟ್ಟಳು. ಕೂತರೆ ಕೂಲಿ ಮುರಿಯುತ್ತಿದ್ದರು. ಗಾಳಿ ಎದ್ದಾಗಲೆಲ್ಲ ಚಿನ್ನ ತೆಗೆದು ಸುರಿದ ಸಯನೈಡ್ ದಿಬ್ಬದ ಬಿಳಿ ಮಣ್ಣು ಹಿಟ್ಟಿನ ಹಾಗೆ ಹಾರಿ ಬಂದು ಕಣ್ಣಿಗೆ, ಬಾಯಿಗೆ, ಬಟ್ಟೆಯಲ್ಲಿ ಕಟ್ಟಿಟ್ಟ ಮುದ್ದೆಗೆ ಕೂರುತ್ತಿತ್ತು. ತಿನ್ನುವಾಗ ಹಲ್ಲಿನಡಿ ಕರಕರ ಎನ್ನುತ್ತಿತ್ತು. ಊರಿಗಾಂನ ಲೈನಿನಲ್ಲಿ, ಗಣಿ ಕೂಲಿಯವರ ಸಾಲುಮನೆಗಳಲ್ಲಿ, ಹುಟ್ಟಿದ ಮಕ್ಕಳಿಗೆ ಆ ಕರಕರ ಉಪ್ಪಿನಷ್ಟೇ ರೂಢಿ.

ಮೈದಾನದ ಒಂದು ಬದಿಗೆ ಆ ದಿಬ್ಬ. ಇನ್ನೊಂದು ಬದಿಗೆ ಆಳುದ್ದ ಆಳದ ಮೋರಿ, ಅದರ ದಂಡೆಗೆ ಮುಳ್ಳುತಂತಿ. ಉಳಿದ ಎರಡು ಬದಿಗೆ ಸರ್ವೆ ಮರದ ಗಳ ನೆಟ್ಟು ತಗಡು ಹೊಡೆಯುವುದು ಕೂಲಿಯವರ ಕೆಲಸ. ಚೀನಾದವರ ಜೊತೆ ಯುದ್ಧ ನಿಂತು ಕೆಲವು ತಿಂಗಳಾಗಿತ್ತು. ದೇಶದ ರಕ್ಷಣೆಗೆ ನಿಧಿ ಕೂಡಿಸುತ್ತೇವೆಂದು ಗಾನವಾಹಿನಿ ಸಭಾದವರು ಸಂಗೀತೋತ್ಸವ ಇಟ್ಟುಕೊಂಡಿದ್ದರು. ಸಭಾದ ಅಧ್ಯಕ್ಷ ಶ್ರೀನಿವಾಸಪ್ಪ, ಬಂಗಾರಪೇಟೆಯ ಮರದ ಕಂಟ್ರಾಕ್ಟರ್. ತಗಡು ಅವನದೇ, ಗಳ ಅವನದೇ. ಮದರಾಸಿನಿಂದ ಸಿನಿಮಾದಲ್ಲಿ ಹಾಡುವ ಹೆಂಗಸು ಬರುತ್ತಾಳೆಂದು ಗೋಡೆಗೋಡೆಗೂ ಕಾಗದ ಅಂಟಿಸಿದ್ದರು.

ರಸ್ತೆಯ ಕಡೆಗೆ ಲಾರಿ ನುಗ್ಗುವಷ್ಟು ಅಗಲದ ಬಾಗಿಲು. ಅದು ಕಾರಿನವರಿಗೆ. ಲೈನಿನ ಕಡೆಗೆ ಇನ್ನೊಂದು. ಅದನ್ನು ಬಾಗಿಲು ಅನ್ನುವಂತಿರಲಿಲ್ಲ. ಹಾವು ಹರಿದ ಹಾಗೆ ಸೊಟ್ಟಸೊಟ್ಟಗೆ ಗಳ ಕಟ್ಟಿ, ಒಬ್ಬರ ಹಿಂದೆ ಒಬ್ಬರು ಮೈ ಓರೆ ಮಾಡಿ ನುಸುಳುವಷ್ಟು ಸಂದು ಬಿಟ್ಟಿದ್ದರು.

ಮುತ್ಯಾಲಮ್ಮ ತಗಡು ಇಳಿಸಿ ಆ ಸಂದಿನ ಮುಂದೆ ನಿಂತಳು.

"ಮೇಸ್ತ್ರಿ, ಲೈನಿನ ಜನ ಅಷ್ಟೂ ಇದ್ರಾಗೇ ಬರಬೇಕಾ?"

ಮೇಸ್ತ್ರಿ ದೊಡ್ಡವೆಂಕಟಪ್ಪ ಬೀಡಿ ಕಿವಿಯ ಮೇಲಿಂದ ತೆಗೆದ. "ಚೀಟಿ ನೋಡಿ ಒಬ್ಬೊಬ್ಬರನ್ನೇ ಬಿಡಾಕೆ ಸಂದೇ ಬೇಕು. ಅಗಲ ಬುಟ್ರೆ ಅರ್ಧ ಊರು ಪುಗಸಟ್ಟೆ ನುಗ್ತದೆ."

"ಓಗಬೇಕಾದ್ರೆ?"

"ಬಂದಂಗೇ ಓಗ್ತಾರೆ. ಓಗಾಕೂ ಚೀಟಿ ಕೇಳ್ತಾರೇನಮ್ಮ?"

ಗಳ ಕಟ್ಟುತ್ತಿದ್ದವರೆಲ್ಲ ನಕ್ಕರು. ಮುತ್ಯಾಲಮ್ಮನೂ ನಕ್ಕಳು. ನಗದೆ ಏನು ಮಾಡುತ್ತಾಳೆ, ಕೆಲಸ ಅವನ ಕೈಯಲ್ಲಿತ್ತು.

ಚೀಟಿಯನ್ನು ಲೈನಿನ ಯಾರೂ ಬೇಕೆಂದು ಕೊಂಡಿರಲಿಲ್ಲ. ಶ್ರೀನಿವಾಸಪ್ಪನ ಕಡೆಯವರು ಮನೆಮನೆಗೆ ಬಂದು ದೇಶದ ಹೆಸರು ಹೇಳಿ ಕೈಗೆ ತುರುಕಿ ಹೋಗಿದ್ದರು. ಬೇಡ ಅಂದವನನ್ನು "ನೀನೇನು ಚೀನಾದವನೇನಯ್ಯ?" ಎಂದು ಕೇಳಿದ್ದರು. ಮೈದಾನದಲ್ಲಿ ಎಷ್ಟು ಜನ ಹಿಡಿಯುತ್ತಾರೆಂದು ಯಾರೂ ಕೇಳಲಿಲ್ಲ. ಚೀಟಿ ಅಚ್ಚು ಹಾಕುವವನು ಹಾಕಿದ, ಹಂಚುವವನು ಹಂಚಿದ.

ಮುತ್ಯಾಲಮ್ಮನ ಗಂಡ ಆಂಜಿನಪ್ಪ ಗಣಿಯ ಒಳಗೆ ಇಳಿಯುವವನು. ಅವನಿಗೂ ಎರಡು ಚೀಟಿ ಬಂದವು. ಆ ದಿನ ಅವನಿಗೆ ಎರಡನೇ ಶಿಫ್ಟು. ಹೊತ್ತು ಇಳಿಯುವ ಮುಂಚೆ ಒಳಗೆ ಹೋದರೆ ಸರಿರಾತ್ರಿಗೆ ಮೇಲೆ. ರಜೆ ಕೇಳಿದ, ಕೊಡಲಿಲ್ಲ.

"ಚೀಟಿ ಕೊಡೋರು ಒಬ್ರು, ಓಗಬ್ಯಾಡ ಅನ್ನೋರು ಇನ್ನೊಬ್ರು," ಎಂದು ಆಂಜಿನಪ್ಪ ಚೀಟಿಯನ್ನು ಗೂಡಿನಲ್ಲಿಟ್ಟ. "ಅಮ್ಮನಿಗೆ ಹೇಳಿ ಕಳಿಸು. ಆಡು ಅಂದ್ರೆ ಸಾಯ್ತಾಳೆ."

ಆಂಜಿನಪ್ಪನ ತಾಯಿ ಚಿಕ್ಕವೆಂಕಟಮ್ಮ ಕಾಮಸಮುದ್ರದ ಕಡೆಯ ಊರಿನಲ್ಲಿ ತಮ್ಮನ ಮನೆಯಲ್ಲಿದ್ದಳು. ಸುದ್ದಿ ತಲುಪಿದ್ದೇ ಅವರೆಕಾಯಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದಳು. ಬಂದವಳು ಮೊದಲು ಸೊಸೆಯ ಕೈ ನೋಡಿದಳು.

"ಇದೇನೇ, ಆಡು ಕೇಳಾಕೆ ಕೈ ಕುಯ್ಕೋಬೇಕಾ?"

"ಬೇಲಿ ಕಟ್ಟಿದೋಳು ನಾನೇ ಕಣತ್ತೆ. ನಾನೇ ಕಟ್ಟಿದ ಬೇಲಿಯೊಳ್ಗೆ ನಾನೇ ಚೀಟಿ ಕೊಟ್ಟು ಓಗಬೇಕು."

"ನಿನ್ ಮಾವನೂ ಅಂಗೇ ಅಂತಿದ್ದ. ಚಿನ್ನ ತೆಗೆಯೋನು ನಾನು, ನಿನ್ ಕಿವಿಗೆ ಇತ್ತಾಳೆ ಅಂತ." ಮುದುಕಿ ಬಾಯಿ ತುಂಬ ನಕ್ಕಳು. ಮುಂದಿನ ಹಲ್ಲೆರಡು ಇರಲಿಲ್ಲ. "ಬಾ, ಬ್ಯಾಳೆ ಇಸುಕಾನ. ಒಟ್ಟೆ ತುಂಬಿದ್ರೆ ಆಡು ಕಿವಿಗೆ ಇಳೀತದೆ."

ಆ ಮಾವ ಗಣಿಯೊಳಗೆ ಬಂಡೆ ಸಿಡಿದು ಸತ್ತಿದ್ದ. ಆ ದಿನ ಸಂಗು ಊದಿದಾಗ ಚಿಕ್ಕವೆಂಕಟಮ್ಮ ಮುದ್ದೆ ತಿರುವುತ್ತಿದ್ದಳಂತೆ. ಕೋಲು ಪಾತ್ರೆಯಲ್ಲೇ ಬಿಟ್ಟು ಓಡಿದಳಂತೆ.

ಗಣಿಯ ಸೈರನ್ನಿಗೆ ಲೈನಿನಲ್ಲಿ ಸಂಗು ಎನ್ನುತ್ತಿದ್ದರು. ತಮಿಳರ ಮಾತು, ಶಂಖ ಎಂದು ಅರ್ಥ. ಕನ್ನಡದವರು, ತೆಲುಗರು, ಎಲ್ಲರ ಬಾಯಲ್ಲೂ ಅದೇ ಕೂತಿತ್ತು. ಶಿಫ್ಟು ಬದಲಾಗುವ ಹೊತ್ತಿಗೆ ಸಂಗು ಊದುತ್ತಿತ್ತು. ಅದಕ್ಕೆ ಯಾರೂ ತಲೆ ಎತ್ತುತ್ತಿರಲಿಲ್ಲ. ಅದನ್ನು ನಂಬಿ ಒಲೆ ಹಚ್ಚುತ್ತಿದ್ದರು, ಮಕ್ಕಳನ್ನು ಬೈದು ಎಬ್ಬಿಸುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಊದಿದರೆ ಮಾತ್ರ ಒಳಗೆ ಏನೋ ಆಗಿದೆ ಎಂದು. ಆಗ ಲೈನಿನ ಹೆಂಗಸರು ಇದ್ದ ಸೀರೆಯಲ್ಲಿ, ಇದ್ದ ಕೈಯಲ್ಲಿ ಗಣಿಯ ಬಾಯಿಗೆ, ಶಾಫ್ಟಿನ ಕಡೆ ಓಡುತ್ತಿದ್ದರು. ಯಾರ ಗಂಡ, ಯಾರ ಮಗ ಎಂದು ಕೇಳಿ ಓಡುವುದಲ್ಲ, ಓಡಿ ಹೋಗಿ ಕೇಳುವುದು. ಸಂಗು ಊದಿದ ಮೇಲೂ ಕೂತವಳು ಸಂಸಾರಸ್ಥೆ ಅಲ್ಲ ಎನ್ನುತ್ತಿದ್ದಳು ಚಿಕ್ಕವೆಂಕಟಮ್ಮ.

ಸಂಜೆ ಹೊತ್ತಿಗೆ ಮೈದಾನದ ಸಂದಿನ ಮುಂದೆ ಜನ ಜಾತ್ರೆ ಮೀರಿ ನಿಂತರು. ಮಾರಿಕುಪ್ಪಂ ಕಡೆಯವರು, ಬೇತಮಂಗಲದಿಂದ ಬಸ್ಸಿನಲ್ಲಿ ಬಂದವರು, ಬಂಗಾರಪೇಟೆಯಿಂದ ರೈಲಿನಲ್ಲಿ ಬಂದವರು. ಅತ್ತೆ ಸೊಸೆ, ಪಕ್ಕದ ಮನೆಯ ಅಮ್ಮಾಜಮ್ಮ, ಅವಳ ಹಿಂದೆ ಅದೇ ಲೈನಿನ ಮಂಗಮ್ಮ ಮತ್ತು ಮಂಗಮ್ಮನ ತಂಗಿ ಮೈ ಓರೆ ಮಾಡಿ ಒಳಗೆ ನುಸುಳಿದರು. ಒಳಗೂ ಗಳ ಕಟ್ಟಿ ಕುರಿದೊಡ್ಡಿಯ ಹಾಗೆ ಭಾಗ ಮಾಡಿದ್ದರು. ಮುಂದೆ ಸೋಫಾ. ಅದರ ಹಿಂದೆ ಕುರ್ಚಿ. ಅದರ ಹಿಂದೆ ಬೆಂಚು. ಎಲ್ಲದರ ಹಿಂದೆ, ನೆಲದಲ್ಲಿ, ಲೈನಿನ ಜನ. ಕೂರಲು ಜಾಗ ಸಾಲದೆ ಹಿಂದಿನವರು ನಿಂತರು. ನಿಂತವರ ಹಿಂದೆ ತಗಡು.

"ಯಾರೇ ನನ್ ಸೊಂಟಕ್ಕೆ ಮೊಳಕೈ ಇಟ್ಟೋಳು?" ಎಂದಳು ಚಿಕ್ಕವೆಂಕಟಮ್ಮ.

"ನಾನೇ ಅತ್ತೆ, ಅಮ್ಮಾಜಮ್ಮ. ಕೈ ತೆಗೆದ್ರೆ ಮತ್ತೆ ಇಡಾಕೆ ಜಾಗ ಸಿಗಾಕಿಲ್ಲ."

"ಇರ್ಲಿ ಇರ್ಲಿ. ಗಂಡ ಸತ್ತ ಮ್ಯಾಲೆ ಸೊಂಟ ಮುಟ್ಟಿದೋಳು ನೀನೇ ಮೊದ್ಲು."

ಸುತ್ತಲಿದ್ದ ಹೆಂಗಸರು ಗೊಳ್ಳೆಂದರು. ಮಂಗಮ್ಮನ ತಂಗಿ ನಗುತ್ತ ನಗುತ್ತ ಮುದುಕಿಯ ಭುಜಕ್ಕೆ ಒರಗಿದಳು. ಹೊಸದಾಗಿ ಮದುವೆಯಾಗಿ ಲೈನಿಗೆ ಬಂದಿದ್ದ ಹುಡುಗಿ.

ವೇದಿಕೆಯ ಮೇಲೆ ಬಂಗಾರಪೇಟೆಯ ಮೇಷ್ಟರೊಬ್ಬರು ಮೈಕು ಹಿಡಿದು ಮಾತಾಡುತ್ತಿದ್ದರು. ಮುಂದೆ ಚಪ್ಪಾಳೆ ಬೀಳುತ್ತಿತ್ತು. ಹಿಂದಿನ ಕಂಬಕ್ಕೆ ಕಟ್ಟಿದ್ದ ಹಾರ್ನು ಕೊರ್ ಎಂದು ಕೆಮ್ಮಿ ಸುಮ್ಮನಾಗುತ್ತಿತ್ತು. ಸಂಜೆಯಿಂದ ಅದು ಹಾಗೇ ಇತ್ತು. ಯಾರೋ ಕೂಗಿ ಹೇಳಿದರು. ತೋಳಿಗೆ ಪಟ್ಟಿ ಕಟ್ಟಿಕೊಂಡ ಸಭಾದ ಹುಡುಗರು "ಆಡು ಶುರುವಾದ್ರೆ ಸರಿ ಓಗ್ತದೆ" ಎಂದು ಮುಂದೆ ಹೋಗಿ ಕೂತರು.

ಶ್ರೀನಿವಾಸಪ್ಪನಿಗೆ ಒಂದು ಹೊಸ ಯೋಚನೆ ಬಂದಿತ್ತು. ಯುದ್ಧದ ನಿಧಿಯಲ್ಲವೇ, ಯುದ್ಧದ ರಂಗಿನಲ್ಲೇ ಶುರುವಾಗಲಿ ಎಂದು. ದೀಪ ಆರಿಸುವುದು. ಕತ್ತಲಲ್ಲಿ ಸೈರನ್ ಮೊಳಗಿಸುವುದು. ಅದು ನಿಂತ ಕೂಡಲೇ ದೀಪ ಬಂದು, ಹಾಡುವ ಹೆಂಗಸು ಬಾವುಟ ಹಿಡಿದು ನಿಂತಿರಬೇಕು. ಅದಕ್ಕೆಂದು ಹರಾಜಿನಲ್ಲಿ ಕೈಯಿಂದ ತಿರುಗಿಸುವ ಸೈರನ್ನೊಂದನ್ನು ಕೊಂಡು ತಂದಿದ್ದ. ಲೈನಿನ ಒಬ್ಬನನ್ನು ಕೇಳಿದ್ದರೂ ಬೇಡ ಎನ್ನುತ್ತಿದ್ದ. ಕೇಳಲಿಲ್ಲ. ಚೀಟಿ ಕೊಟ್ಟವರನ್ನು ಕೇಳುವ ಪದ್ಧತಿ ಇರಲಿಲ್ಲ.

ಮೇಷ್ಟರು ಅದನ್ನು ರಣಶಂಖ ಎಂದು ಬಣ್ಣಿಸಿ ಮೈಕಿನಲ್ಲಿ ಹೇಳಿದರು. ಹಿಂದಿನ ಹಾರ್ನು ಕೊರಕೊರ ಎಂದಿತು.

"ಏನಂದ?" ಎಂದಳು ಚಿಕ್ಕವೆಂಕಟಮ್ಮ.

"ಗೊತ್ತಾಗ್ಲಿಲ್ಲ. ಶಂಖ ಅಂದಂಗಾಯ್ತು," ಎಂದಳು ಮುತ್ಯಾಲಮ್ಮ.

"ಸಂಗಾ?" ಪಕ್ಕದಲ್ಲಿ ಯಾರೋ ತಿರುಗಿದರು. "ಸಂಗು ಅಂತಾ? ಯಾವ ಶಾಫ್ಟು?"

ಆ ಮಾತು ಬಾಯಿಂದ ಬಾಯಿಗೆ ಇನ್ನೂ ಹೋಗುತ್ತಿರುವಾಗಲೇ ದೀಪಗಳೆಲ್ಲ ಆರಿದವು. ಕತ್ತಲಲ್ಲಿ ಸಂಗು ಊದಿತು.

ಮೊದಲು ಸಣ್ಣಗೆ, ನೆಲದೊಳಗಿಂದ ಬಂದ ಹಾಗೆ. ಆಮೇಲೆ ಏರಿತು. ಎರಡನೇ ಶಿಫ್ಟಿನ ಗಂಡಸರೆಲ್ಲ ನೆಲದಡಿ ಇದ್ದರು.

"ಆಂಜಿನೀ," ಎಂದು ಚಿಕ್ಕವೆಂಕಟಮ್ಮ ಎದ್ದಳು. ಅವಳ ಧ್ವನಿ ಸಂಗಿನ ಮೇಲೆ ಎದ್ದು ಕೇಳಿತು. "ನನ್ ಮಗ ಒಳ್ಗವ್ನೆ. ಬುಡ್ರೇ, ಬುಡ್ರೇ."

ಅವಳೊಬ್ಬಳೇ ಎದ್ದಳೇನು? ನೆಲದಲ್ಲಿ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ಎದ್ದರು. ಒಬ್ಬೊಬ್ಬಳ ಬಾಯಲ್ಲೂ ಒಂದೊಂದು ಹೆಸರಿತ್ತು. ಎಲ್ಲರೂ ಸಂದಿನ ಕಡೆ ತಿರುಗಿದರು. ಒಬ್ಬೊಬ್ಬರೇ ಬರಲೆಂದು ಕಟ್ಟಿದ ಸಂದು ಸಾವಿರ ಜನಕ್ಕೆ ಬಾಯಿ ಬಿಡಲಿಲ್ಲ. ಮುಂದಿನವರು ಗಳಕ್ಕೆ ಒತ್ತಿಕೊಂಡರು. ಹಿಂದಿನವರಿಗೆ ಅದು ಕಾಣಲಿಲ್ಲ. ತಗಡು ಬಗ್ಗಿತು, ಕಳಚಲಿಲ್ಲ. ಅಷ್ಟು ಗಟ್ಟಿಯಾಗಿ ಮೊಳೆ ಹೊಡೆದಿದ್ದರು. ಮುತ್ಯಾಲಮ್ಮ ಅತ್ತೆಯ ಸೆರಗು ಹಿಡಿದಿದ್ದಳು. ಸೆರಗು ಕೈಯಲ್ಲೇ ಉಳಿಯಿತು, ಅತ್ತೆ ಹೋದಳು.

ಕೆಲವರು ದೊಡ್ಡ ಬಾಗಿಲಿನ ಕಡೆ ಓಡಿದರು. ಅಷ್ಟರಲ್ಲಿ ದೀಪ ಬಂದಿತ್ತು. ಸೋಫಾದವರು ಎದ್ದು ಕಾರು ಹತ್ತುತ್ತಿದ್ದರು. ಪಟ್ಟಿ ಕಟ್ಟಿದ ಹುಡುಗರು ಅಡ್ಡಕ್ಕೆ ಬೊಂಬು ಹಿಡಿದು ನಿಂತರು.

"ಮೊದ್ಲು ಕಾರು ಓಗ್ಲಿ, ಆಮೇಲೆ ನೀವು. ನುಗ್ಗಬೇಡಿ, ದೊಡ್ಡೋರಿದಾರೆ."

ಕಾರುಗಳು ಒಂದರ ಹಿಂದೆ ಒಂದು ಹೋದವು. ಮದರಾಸಿನ ಹೆಂಗಸೂ ಹೋದಳು. ಆಮೇಲೆ, ಒಳಗಿದ್ದ ಸೋಫಾ ಕುರ್ಚಿ ಕಳುವಾಗಬಾರದೆಂದು ಆ ಬಾಗಿಲಿಗೆ ಬೀಗ ಹಾಕಿದರು.

ಸಂದಿನ ಗಳಗಳನ್ನು ಹೊರಗಿನವರು ಮಚ್ಚಿನಲ್ಲಿ ಕಡಿದು ತೆಗೆದಾಗ ಒಂಬತ್ತು ಜನ ಸತ್ತಿದ್ದರು. ಚಿಕ್ಕವೆಂಕಟಮ್ಮ ತಗಡಿಗೆ ಆತು ನಿಂತೇ ಇದ್ದಳು. ಬೀಳಲೂ ಜಾಗವಿರಲಿಲ್ಲ. ಮಂಗಮ್ಮನ ತಂಗಿ ಅವಳ ಕಾಲಡಿ ಇದ್ದಳು.

ಶಿಫ್ಟು ಮುಗಿಸಿ ಆಂಜಿನಪ್ಪ ಮೇಲೆ ಬಂದ. ಒಳಗೆ ಏನೂ ಆಗಿರಲಿಲ್ಲ. ಒಂದು ಕಲ್ಲೂ ಅಲುಗಿರಲಿಲ್ಲ. ನೆಲದಡಿ ಇದ್ದವನು ಬದುಕಿದ್ದ. ನೆಲದ ಮೇಲೆ ಹಾಡು ಕೇಳಲು ಹೋದವಳು ಸತ್ತಿದ್ದಳು.

ಹನ್ನೊಂದನೆಯ ದಿನದ ಕಾರ್ಯಕ್ಕೂ ಮುಂಚೆ ಶ್ರೀನಿವಾಸಪ್ಪ ಲೈನಿಗೆ ಬಂದ. ಬಿಳಿ ಪಂಚೆ, ಹೆಗಲಿಗೆ ಜರಿ ಅಂಚಿನ ಶಲ್ಯ. ಬಾಗಿಲು ಗಿಡ್ಡವಾದ್ದರಿಂದ ತಲೆ ತಗ್ಗಿಸಿಯೇ ಒಳಗೆ ಬರಬೇಕಾಯಿತು. ಆಂಜಿನಪ್ಪ ಕೆಲಸಕ್ಕೆ ಹೋಗಿದ್ದ.

"ಮುತ್ಯಾಲಮ್ಮ, ನಿಮ್ಮತ್ತೆ ಒಳ್ಳೇ ಮುದುಕಿ ಅಂತ ಎಲ್ಲಾರೂ ಅಂತಾರೆ."

ಮುತ್ಯಾಲಮ್ಮ ಗೋಡೆಗೆ ಒರಗಿ ನಿಂತಳು. ಕೂರಿ ಎನ್ನಲಿಲ್ಲ.

"ಗಂಗಮ್ಮನ ಹಬ್ಬದಾಗೆ ಆಕೆ ಮೈಮೇಲೆ ಬತ್ತಿತ್ತಂತೆ, ಹೌದಾ?"

"ಬತ್ತಿತ್ತು. ಊರಿನಾಗೆ, ವರ್ಷಕ್ಕೊಂದು ಸಲ."

"ಸರಿ. ಅವತ್ತು ಮೈದಾನದಲ್ಲೂ ಬಂತು ಅಂತ ಏಳು. ಬೆಂಗಳೂರಿಂದ ವಿಚಾರಣೆಗೆ ಸಾಹೇಬರು ಬತ್ತಾರೆ. ಮುದುಕಿಗೆ ಮೈಮೇಲೆ ಬಂದು ಕಿರುಚಿದಳು, ಜನ ಎದರಿಕೊಂಡು ಓಡಿದ್ರು. ಅಷ್ಟೇ. ದ್ಯಾವ್ರು ಮಾಡಿದ್ದಕ್ಕೆ ಯಾರನ್ನ ಇಡೀತಾರೆ?"

"ಸಂಗು ಊದಿದ್ದು ದ್ಯಾವ್ರಾ?"

ಶ್ರೀನಿವಾಸಪ್ಪ ಗೋಡೆಗೆ ನೇತು ಹಾಕಿದ್ದ ಆಂಜಿನಪ್ಪನ ಮಣ್ಣು ಹಿಡಿದ ಅಂಗಿ ನೋಡಿದ.

"ನಿನ್ ಗಂಡನ್ನ ಎಷ್ಟು ದಿನ ಒಳಗೆ ಇಳಿಸ್ತೀಯ? ಗಣಿಗೆ ಮರ ಕೊಡೋನು ನಾನು. ಅಲ್ಲಿ ನನ್ ಮಾತು ನಡೀತದೆ. ಮೇಲಿನ ಕೆಲಸ ಕೊಡಿಸ್ತೀನಿ. ಬಿಸಿಲು ಕಾಣೋ ಕೆಲಸ. ಇನ್ನು ಸಂಗು ಊದಿದ್ರೆ ನೀನು ಮಲಗಿ ನಿದ್ದೆ ಮಾಡಬೋದು."

ಮದುವೆಯಾಗಿ ಬಂದಂದಿನಿಂದ ಮುತ್ಯಾಲಮ್ಮ ಕೇಳಿಕೊಂಡ ದೇವರೆಲ್ಲ ಸೇರಿ ಕೊಡದಿದ್ದದ್ದನ್ನು ಈ ಮನುಷ್ಯ ಹೊಸ್ತಿಲಲ್ಲಿ ತಂದಿಟ್ಟಿದ್ದ.

"ಯೋಚ್ನೆ ಮಾಡು," ಎಂದು ಅವನು ಹೋದ. ತಲೆ ತಗ್ಗಿಸುವುದು ಮರೆತು ಬಾಗಿಲ ತೊಲೆಗೆ ಹಣೆ ಬಡಿಸಿಕೊಂಡ. ಪಕ್ಕದ ಮನೆಯಿಂದ ಅಮ್ಮಾಜಮ್ಮ, "ಮೆಲ್ಲಗೆ ಸ್ವಾಮಿ, ನಮ್ ಬಾಗ್ಲೂ ಸಂದೇ" ಎಂದಳು.

ಮುದುಕಿಯ ಮೈಮೇಲೆ ಬಂದಿತ್ತೆಂಬ ಮಾತು ಆಗಲೇ ಲೈನಿನಲ್ಲಿ ಹರಡಿತ್ತು. ಮಾರನೇ ಬೆಳಿಗ್ಗೆ ಕೊಳಾಯಿಯ ಹತ್ತಿರ ಮಂಗಮ್ಮ ಕೊಡ ಅಡ್ಡ ಇಟ್ಟಳು.

"ನಿಮ್ಮತ್ತೆ ಬಾಯಿ ಮುಚ್ಕೊಂಡು ಕುಂತಿದ್ರೆ ನನ್ ತಂಗಿ ಬದುಕ್ತಿದ್ಲು."

"ನೀನು ಕುಂತಿದ್ಯಾ ಮಂಗಮ್ಮ?"

"ನಿಮ್ಮತ್ತೆ ಮೈಮೇಲೆ ಬಂದಿತ್ತಂತೆ. ಎಲ್ಲಾರೂ ಅಂತಾವ್ರೆ."

"ನೀನೂ ಎದ್ದು ಓಡಿದ್ಯಲ್ಲ. ನಿನ್ ಮೈಮೇಲೆ ಯಾರು ಬಂದಿದ್ರು?"

ಮಂಗಮ್ಮ ಕೊಡ ಎತ್ತಿಕೊಂಡಳು. ನೀರು ಅರ್ಧಕ್ಕೇ ನಿಂತಿತ್ತು.

ಮುತ್ಯಾಲಮ್ಮ ಗಂಡನಿಗೆ ಎಲ್ಲ ಹೇಳಿದಳು. ಆಂಜಿನಪ್ಪ ಊಟ ಮಾಡುತ್ತಿದ್ದ. ಅವನ ಕೈ ತಟ್ಟೆಯಲ್ಲೇ ನಿಂತಿತು.

"ಅಮ್ಮನೂ ಅದ್ನೇ ಕೇಳ್ತಿದ್ಲು," ಎಂದ. "ಮ್ಯಾಕ್ ಬಾರ್ಲಾ, ಮ್ಯಾಕ್ ಬಾ ಅಂತ. ನಿಮ್ಮಪ್ಪನ್ನ ನುಂಗಿದ್ದು ಸಾಕು ಅಂತ."

"ಅಂಗಾದ್ರೆ ಏಳಿಬಿಡ್ಲಾ?"

"ಏಳಿದ್ರೆ ಅವಳ ಎಣದ ಮ್ಯಾಲೆ ಕಾಲಿಟ್ಟು ಮ್ಯಾಕ್ ಬಂದಂಗೆ." ತಟ್ಟೆಯಲ್ಲೇ ಕೈ ತೊಳೆದ. "ಏಳ್ದಿದ್ರೆ ಒಂದಿನ ನಾನೂ ಒಳ್ಗೇ ಓಗ್ತೀನಿ. ನನ್ ಕೇಳಬ್ಯಾಡ ಮುತ್ಯಾಲು. ನಂಗೆ ಗೊತ್ತಾಗಾಕಿಲ್ಲ."

ವಿಚಾರಣೆ ನಡೆದದ್ದು ಗಾನವಾಹಿನಿ ಸಭಾದ ಹಾಲಿನಲ್ಲೇ. ಬೇರೆ ಜಾಗ ಸಿಗಲಿಲ್ಲ ಎಂದರು. ಅಧಿಕಾರಿ ಬೆಂಗಳೂರಿನಿಂದ ಕಾರಿನಲ್ಲಿ ಬಂದಿದ್ದರು. ಅವರ ಊಟ ಶ್ರೀನಿವಾಸಪ್ಪನ ಮನೆಯಿಂದ ಬಂದಿತ್ತು. ಹಾಲಿನೊಳಗೆ ಇನ್ನೂ ತುಪ್ಪದ ವಾಸನೆ ಇತ್ತು. ಶ್ರೀನಿವಾಸಪ್ಪ ಅವರ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಮೇಜಿನ ಮೇಲೆ ಆ ಕೈಸೈರನ್ನು ಇತ್ತು. ಕೆಂಪು ಬಣ್ಣ ಬಳಿದ, ಮಕ್ಕಳ ತಲೆಯಷ್ಟು ದಪ್ಪದ ಕಬ್ಬಿಣ, ಬದಿಗೆ ಒಂದು ಹಿಡಿ.

ಲೈನಿನ ಹೆಂಗಸರು ಹೊರಗೆ ಅಂಗಳದಲ್ಲಿ ಬಂದು ಕೂತಿದ್ದರು. ಯಾರೂ ಕರೆದಿರಲಿಲ್ಲ. ಅವರ ಮಾತಿನ ಸದ್ದು ಜಾಸ್ತಿಯಾಯಿತೆಂದು ಜವಾನ ಬಾಗಿಲು ಮುಚ್ಚಿದ. ಹೊರಕ್ಕೆ ತೆಗೆಯುವ ದೊಡ್ಡ ಬಾಗಿಲು, ಅದೊಂದೇ. ಕಿಟಕಿಗಳಿಗೆ ಕಬ್ಬಿಣದ ಸರಳು.

ಮೊದಲು ಮೇಷ್ಟರು ಹೇಳಿದರು, ಮೈಕಿನಲ್ಲಿ ಸ್ಪಷ್ಟವಾಗಿ ತಿಳಿಸಿದ್ದೆ ಎಂದು. ದೊಡ್ಡವೆಂಕಟಪ್ಪ ಹೇಳಿದ, ಬಾಗಿಲು ಅಗಲವಾಗೇ ಇತ್ತು ಎಂದು. ಹೇಳುವಾಗ ಅವನು ಮುತ್ಯಾಲಮ್ಮನ ಕಡೆ ನೋಡಲಿಲ್ಲ.

ಆಮೇಲೆ ಅವಳನ್ನು ಕರೆದರು.

"ನಿಮ್ಮ ಅತ್ತೆಗೆ ಮೈಮೇಲೆ ಬರುತ್ತಿತ್ತು ಎನ್ನುತ್ತಾರೆ. ನಿಜವೇನಮ್ಮ?" ಅಧಿಕಾರಿಯ ದನಿ ಮೆತ್ತಗಿತ್ತು.

"ಊರ ಹಬ್ಬದಾಗೆ ಬತ್ತಿತ್ತು ಸ್ವಾಮಿ."

"ಆ ಸಂಜೆಯೂ ಮೊದಲು ಕಿರುಚಿದವರು ಅವರೇ ತಾನೇ?"

"ಕೂಗಿದ್ಲು. ಮಗ ಒಳಗಿದ್ದ."

"ಒಳಗೆ ಏನೂ ಆಗಿರಲಿಲ್ಲವಲ್ಲ."

"ಸಂಗು ಊದಿತ್ತು."

"ಅದು ಕಾರ್ಯಕ್ರಮದ ಸೈರನ್ ಎಂದು ಮೈಕಿನಲ್ಲಿ ಹೇಳಿದ್ದರಲ್ಲ."

"ಇಂದ್ಗಡೆ ಮೈಕು ಮೂಗಾಗಿತ್ತು. ಒಂದೇ ಮಾತು ಕೇಳಿಸ್ತು. ಶಂಖ ಅಂತ."

"ಶಂಖ ಎಂದರೆ ಶುಭ ಅಲ್ಲವೇನಮ್ಮ?"

"ನಿಮ್ಗೆ," ಎಂದಳು ಮುತ್ಯಾಲಮ್ಮ.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಶ್ರೀನಿವಾಸಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನಕ್ಕ.

"ಸಾರ್, ನೀವೇ ನೋಡಿ ಈ ಸೈರನ್ನ. ಮಕ್ಕಳ ಆಟದ ಸಾಮಾನು. ಬುದ್ಧಿ ಇರೋ ಮನುಷ್ಯ ಯಾವನಾದರೂ ಇದಕ್ಕೆ ಎದರಿ ಓಡ್ತಾನಾ? ಆ ಮುದುಕಿ ಮೈಮೇಲೆ ಬಂದು ಕಿರುಚಿದಳು. ಇವ್ರು ಕುರಿಗಳು, ಒಂದು ಬಿದ್ದ ಕಡೆ ಎಲ್ಲಾ ಬಿದ್ವು." ಆಮೇಲೆ ಮುತ್ಯಾಲಮ್ಮನ ಕಡೆ ತಿರುಗಿ ಮೆಲ್ಲಗೆ, "ಸಾಹೇಬ್ರಿಗೆ ಏಳಮ್ಮ. ನಿನ್ ಗಂಡನ ವಿಷಯ ನನಗೆ ನೆನಪಿದೆ," ಎಂದ.

ಅವಳಿಗೂ ನೆನಪಿತ್ತು. ಆ ಹೊತ್ತಿಗೆ ಆಂಜಿನಪ್ಪ ಕಬ್ಬಿಣದ ಕೇಜಿನಲ್ಲಿ ಗಣಿಗೆ ಇಳಿಯುತ್ತಿರಬೇಕು. ಒಂದು ಮಾತು. ಹೂಂ ಅಂದರೆ ನಾಳೆಯಿಂದ ಬಿಸಿಲು ಕಾಣುವ ಕೆಲಸ. ಅವಳ ಬಾಯಿ ತೆರೆಯಿತು. ತಗಡಿಗೆ ಆತು ನಿಂತಿದ್ದ ಅತ್ತೆಯ ಮುಖ ಕಣ್ಣಿಗೆ ಬಂತು. ಆ ತಗಡು ಹೊತ್ತದ್ದು ತಾನೇ. ಅಂಗೈಯ ಗಾಯ ಇನ್ನೂ ಮಾಯ್ದಿರಲಿಲ್ಲ.

"ಕುರಿ ಅಂದ್ರಲ್ಲ," ಎಂದಳು. "ಒಂದ್ಸಲ ನೋಡಾನ."

ಮೇಜಿನ ಹತ್ತಿರ ಹೋಗಿ ಸೈರನ್ನಿನ ಹಿಡಿ ಹಿಡಿದಳು. ಜವಾನ "ಏ ಏ" ಎನ್ನುವಷ್ಟರಲ್ಲಿ ತಿರುಗಿಸಿದಳು.

ಮೊದಲು ಸಣ್ಣಗೆ ನರಳಿತು. ಅವಳು ಬಲ ಹಾಕಿದಳು. ಗಾಯ ಒಡೆದು ಹಿಡಿ ಜಾರಿತು, ಬಿಡಲಿಲ್ಲ. ಸದ್ದು ಏರಿ ಹಾಲಿನ ಗೋಡೆಗಳಿಗೆ ಬಡಿದು ಕಿಟಕಿಯಿಂದ ಹೊರಗೆ ನುಗ್ಗಿತು. ಸದ್ದು ಮಾಡುತ್ತಿದ್ದವಳು ತಾನೇ ಎಂದು ಗೊತ್ತಿದ್ದೂ ಮುತ್ಯಾಲಮ್ಮನ ಕಾಲುಗಳು ಓಡಲು ಎದ್ದವು. ಹಲ್ಲು ಕಚ್ಚಿ ನಿಂತಳು. ಬಾಗಿಲ ಬಳಿ ಇದ್ದ ಜವಾನ, ಅವನೂ ಲೈನಿನ ಹುಡುಗನೇ, ಮುಖ ಬಿಳಿಚಿಕೊಂಡು "ಅಣ್ಣಾ" ಎಂದ. ಅವನ ಅಣ್ಣ ಒಳಗೆ ಕೆಲಸಕ್ಕಿದ್ದ.

ಹೊರಗೆ ಅಂಗಳವೆಲ್ಲ ಒಟ್ಟಿಗೆ ಎದ್ದ ಸದ್ದು ಕೇಳಿತು. ಸರಳಿನ ಸಂದಿಯಿಂದ ಕಂಡಿತು. ಹೆಂಗಸರು ಹಾಲಿಗೆ ಬೆನ್ನು ಹಾಕಿ ಶಾಫ್ಟಿನ ಕಡೆ ಓಡಿದರು, ಎಲ್ಲರೂ, ಸೆರಗು ಹಾರಿಸಿಕೊಂಡು. ಮಂಗಮ್ಮ ಎಲ್ಲರಿಗಿಂತ ಮುಂದಿದ್ದಳು. ರಸ್ತೆಗೆ ಹೋದವರು ಅಲ್ಲಿ ನಿಂತರು. ಸದ್ದು ಎತ್ತಲಿಂದ ಬರುತ್ತಿದೆ ಎಂದು ಕಿವಿ ಕೊಟ್ಟರು. ಆಮೇಲೆ ತಿರುಗಿದರು. ಲೈನುಗಳ ಕಡೆಯಿಂದಲೂ ಜನ ಬರುತ್ತಿದ್ದರು, ಕೈಯಲ್ಲಿ ಸೌಟು ಹಿಡಿದವರು, ಕಂಕುಳಲ್ಲಿ ಮಗು ಇದ್ದವರು. ಅಷ್ಟೂ ಜನ ಸಭಾದ ಹಾಲಿನ ಕಡೆ ಓಡಿ ಬಂದರು.

ಬಾಗಿಲಿಗೆ ಮೈಗಳು ಬಂದು ಬಡಿದವು. ತೊಲೆ ನಡುಗಿ ಸುಣ್ಣ ಉದುರಿತು.

ಅಧಿಕಾರಿ ಕುರ್ಚಿಯಿಂದ ಎದ್ದರು. ಕನ್ನಡಕ ಕೆಳಗೆ ಬಿತ್ತು. "ಏನದು? ಬಾಗಿಲು ತೆಗೆಸಿ, ಬಾಗಿಲು," ಎಂದು ಓಡಿದರು. ಅವರಿಗಿಂತ ಮುಂಚೆ ಶ್ರೀನಿವಾಸಪ್ಪ ಬಾಗಿಲಲ್ಲಿದ್ದ. ಮೇಷ್ಟರು ಅವನ ಬೆನ್ನಿಗೆ ಬಿದ್ದರು, ದೊಡ್ಡವೆಂಕಟಪ್ಪ ಮೇಷ್ಟರ ಬೆನ್ನಿಗೆ. ಚಿಲಕ ತೆಗೆದು ನೂಕಿದರು. ಹೊರಕ್ಕೆ ತೆರೆಯುವ ಬಾಗಿಲು. ಹೊರಗೆ ಜನ. ಅದು ಕದಲಲಿಲ್ಲ.

"ತೆಗೀರಲೇ," ಎಂದು ಶ್ರೀನಿವಾಸಪ್ಪ ಕೂಗಿದ. ಶಲ್ಯ ಯಾರದೋ ಕಾಲಡಿ ಸಿಕ್ಕಿ ಕುತ್ತಿಗೆ ಎಳೆಯುತ್ತಿತ್ತು. "ಉಸಿರು ಕಟ್ತದೆ. ತೆಗೀರಲೇ."

ಹೊರಗಿನಿಂದ ಒಂದು ಹೆಣ್ಣಿನ ದನಿ ಬಂತು. "ಮೊದ್ಲು ಕಾರು ಓಗ್ಲಿ ಸ್ವಾಮಿ. ಆಮ್ಯಾಲೆ ನೀವು."

ಯಾರೂ ನಗಲಿಲ್ಲ.

ಮುತ್ಯಾಲಮ್ಮ ಹಿಡಿ ಬಿಟ್ಟಳು. ಸದ್ದು ನಿಧಾನಕ್ಕೆ ಇಳಿದು, ಕೊನೆಗೆ ನಾಯಿ ನರಳಿದ ಹಾಗೆ ನರಳಿ ನಿಂತಿತು. ಮೇಜಿನ ಮೇಲೆ ಅವಳ ರಕ್ತದ ಗುರುತಿತ್ತು.

"ಇಷ್ಟೇ ಸ್ವಾಮಿ," ಎಂದಳು. "ಅವತ್ತು ಕತ್ಲು ಒಂದು ಜಾಸ್ತಿ ಇತ್ತು."

ಬಾಗಿಲಿಗೆ ಒತ್ತಿಕೊಂಡಿದ್ದವರು ತಿರುಗಿ ನೋಡಿದರು. ಅಧಿಕಾರಿಯ ಹಣೆಯಲ್ಲಿ ನೀರು ಹರಿಯುತ್ತಿತ್ತು. ಬಗ್ಗಿ ಕನ್ನಡಕ ಹುಡುಕಿದರು. ಅದು ದೊಡ್ಡವೆಂಕಟಪ್ಪನ ಚಪ್ಪಲಿಯಡಿ ಪುಡಿಯಾಗಿತ್ತು.

"ಮುದುಕಿ ಮೈಮೇಲೆ ಗಂಗಮ್ಮ ಬಂದಿದ್ಲು ಅಂತ ಏಳು ಅಂದ್ರು. ಏಳ್ತೀನಿ, ಬರ್ಕಳಿ. ಅದ್ಕೆ ಮುಂಚೆ ಸಾಹೇಬ್ರೇ, ನೀವು ಒಂದು ಏಳಿ. ಇವಾಗ ನಿಮ್ ಮೈಮೇಲೆ ಬಂದಿದ್ದು ಯಾವ ದ್ಯಾವ್ರು?"

ಹೊರಗೆ ಸದ್ದು ಅಡಗಿತ್ತು. ಬಾಗಿಲಿನ ಆಚೆ ಅಷ್ಟೂ ಜನ ಕಿವಿ ಕೊಟ್ಟು ನಿಂತಿದ್ದರು. ಮುತ್ಯಾಲಮ್ಮನಿಗೆ ಅವರ ಉಸಿರು ಕೇಳುತ್ತಿತ್ತು. ಆಂಜಿನಪ್ಪ ಈಗ ಕೆಳಗೆ ತಲುಪಿರುತ್ತಾನೆ ಎಂದುಕೊಂಡಳು. ನಾಳೆಯೂ ಇಳಿಯುತ್ತಾನೆ. ನಾಡಿದ್ದೂ.

"ಮುತ್ಯಾಲು," ಎಂದು ಹೊರಗಿನಿಂದ ಕರೆದದ್ದು ಮಂಗಮ್ಮ. "ಬಾಗ್ಲು ಬುಡಾನೇನೇ?"

"ತಡಿ ಮಂಗಮ್ಮ," ಎಂದಳು ಮುತ್ಯಾಲಮ್ಮ. "ಸಾಹೇಬ್ರು ಇನ್ನೂ ಜವಾಬು ಏಳಿಲ್ಲ."